ಹೊಸ ಅಕ್ರಿಲಿಕ್ ಮೀನುತೊಟ್ಟಿ: ಬಿಲ್ಲಿಗೆ ಸಹಿ ಮಾಡುವ ಮುನ್ನ ಜೋಡಣೆಯ ಪರಿಶೀಲನೆ

ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕಾಗಲಿ, ಸರ್ಕಾರಿ ಶಾಲೆಗಾಗಲಿ, ಅಂಗನವಾಡಿಗಾಗಲಿ ಮೀನುತೊಟ್ಟಿಯೊಂದನ್ನು ಕೊಳ್ಳುವ ಪ್ರಸ್ತಾವ ಸಭೆಯ ಮುಂದೆ ಬಂದಾಗ ಬೆಲೆ, ಅಳತೆ, ಮೀನುಗಳ ಬಗೆ ಇವಿಷ್ಟೇ ಸಾಮಾನ್ಯವಾಗಿ ಚರ್ಚೆಗೆ ಬರುತ್ತವೆ. ತೊಟ್ಟಿಯ ಹಾಳೆಗಳು ಒಂದನ್ನೊಂದು ಕೂಡುವ ಗೆರೆಯ ಬಗ್ಗೆ, ಅಂದರೆ ಅಂಗಡಿಯವರು ಜಾಯಿಂಟ್ ಎಂದು ಕರೆಯುವ ಜೋಡಣೆಯ ಬಗ್ಗೆ, ಪ್ರಶ್ನೆ ಏಳುವುದು ವಿರಳ. ಅಕ್ರಿಲಿಕ್ ತೊಟ್ಟಿಯಲ್ಲಿ ಹಾಳೆಯು ನಡುವೆ ಒಡೆಯುವುದು ಅಪರೂಪ; ಸೋರುವುದೂ ಬಿಚ್ಚಿಕೊಳ್ಳುವುದೂ ಬಹುಮಟ್ಟಿಗೆ ಜೋಡಣೆಯಲ್ಲಿಯೇ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಸಾಧಾರಣ ತೊಟ್ಟಿಯು ತುಂಬಿದಾಗ 324 ಲೀಟರ್ ನೀರನ್ನು ಹಿಡಿಯುತ್ತದೆ. ಅಷ್ಟು ನೀರು ಮಕ್ಕಳು ಕುಳಿತು ಓದುವ ಕೋಣೆಯಲ್ಲಿ, ಪುಸ್ತಕಗಳ ಕಪಾಟು ಮತ್ತು ವಿದ್ಯುತ್ ಪ್ಲಗ್ಗಿನ ಪಕ್ಕದಲ್ಲಿ ನಿಂತಿರುತ್ತದೆ. ಆದುದರಿಂದ ಸಾಮಗ್ರಿ ಸ್ವೀಕರಿಸುವ ದಿನ ಹಾಜರಿರುವ ಸದಸ್ಯರು ಜೋಡಣೆಯನ್ನು ತಾವೇ ನೋಡಿ ತೀರ್ಮಾನಿಸಬಲ್ಲವರಾಗಿರಬೇಕು. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ; ಒಂದು ಟಾರ್ಚು, ಒಂದು ಮೂಲೆಮಟ್ಟ, ಒಂದಿಷ್ಟು ದಾರ, ಮೂರು ದಿನಗಳ ತಾಳ್ಮೆ ಸಾಕು.

ಮೊದಲಿಗೆ ಒಂದು ಮಾತು. ಅಕ್ರಿಲಿಕ್ ತೊಟ್ಟಿಯೇ ಬೇಕೆ ಎಂಬುದನ್ನು ಸಭೆಯು ವಿಚಾರಿಸುವುದು ಒಳಿತು. ಅಕ್ರಿಲಿಕ್ ಎಂದರೆ ಗಾಜಿನಂತೆ ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್. ಬಿದ್ದ ಬೆಳಕಿನ ಶೇ. 92ರಷ್ಟನ್ನು ಅದು ಹಾಯಗೊಡುತ್ತದೆ. ತೂಕ ಗಾಜಿನ ಅರ್ಧಕ್ಕಿಂತಲೂ ಕಡಿಮೆ. ಪೆಟ್ಟು ಬಿದ್ದರೆ ಗಾಜಿನಷ್ಟು ಸುಲಭವಾಗಿ ಒಡೆಯದು. ಬೇಕಾದ ಬಾಗನ್ನು ಕೊಡಲು ಬರುವುದರಿಂದ ದೊಡ್ಡ ಮತ್ಸ್ಯಾಲಯಗಳು ಅದನ್ನೇ ಆರಿಸುತ್ತವೆ. ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ 2021ರ ಜುಲೈ ತಿಂಗಳಿನಲ್ಲಿ ತೆರೆದಂತಹ ಸುರಂಗ ಮತ್ಸ್ಯಾಲಯದಲ್ಲಿ ಜನರು ನೀರಿನ ಕೆಳಗೆ ನಡೆದು ಹೋಗಬೇಕಾದುದರಿಂದ ಬಾಗಿದ ಪಾರದರ್ಶಕ ಗೋಡೆ ಅನಿವಾರ್ಯ. ನೇರ ಗೋಡೆಗಳ ಸಣ್ಣ ತೊಟ್ಟಿಗೆ ಆ ಅನಿವಾರ್ಯತೆ ಇಲ್ಲ. ಅಕ್ರಿಲಿಕ್ ಬೇಗ ಗೀಚುತ್ತದೆ, ಬೆಲೆಯೂ ಹೆಚ್ಚು. ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಅಥವಾ ಗಂಬೂಸಿಯಾ ಮೀನುಗಳನ್ನು ಸಾಕಿ ಹಂಚುವುದೇ ಉದ್ದೇಶವಾಗಿದ್ದರೆ ಸಿಮೆಂಟಿನ ತೊಟ್ಟಿಯೇ ಉತ್ತಮ ಎಂಬುದು ಈ ಬರಹದ ನಿಲುವು. ಆದರೆ ಚಿಕ್ಕ ಮಕ್ಕಳು ಓಡಾಡುವ ಸ್ಥಳದಲ್ಲಿ ಒಡೆದ ಗಾಜಿನ ಚೂರುಗಳ ಭಯವನ್ನು ತಪ್ಪಿಸಲು ಅಕ್ರಿಲಿಕ್ ಆರಿಸಿದರೆ ಅದು ಒಪ್ಪತಕ್ಕ ಕಾರಣ. ಹಾಗೆ ಆರಿಸಿದ ಮೇಲೆ ಜೋಡಣೆಯ ವಿಚಾರಣೆ ಕಡ್ಡಾಯವೆಂದು ತಿಳಿಯಬೇಕು.

ಜೋಡಣೆ ಆಗುವ ಬಗೆ

ಗಾಜಿನ ತೊಟ್ಟಿಯಲ್ಲಿ ಎರಡು ಹಾಳೆಗಳ ನಡುವೆ ಸಿಲಿಕಾನ್ ಎಂಬ ರಬ್ಬರಿನಂತಹ ಅಂಟು ಇರುತ್ತದೆ. ಹಾಳೆಗಳು ಬೇರೆ ಬೇರೆಯಾಗಿಯೇ ಉಳಿದು ಅಂಟು ಅವನ್ನು ಹಿಡಿದಿರುತ್ತದೆ. ಅಕ್ರಿಲಿಕ್‌ನ ಕ್ರಮ ಬೇರೆ. ಎರಡು ಅಂಚುಗಳನ್ನು ಒತ್ತಾಗಿ ಇಟ್ಟು, ನೀರಿನಷ್ಟು ತೆಳುವಾದ ದ್ರಾವಕವನ್ನು ಸೂಜಿಯ ಮೂಲಕ ಸಂದಿಗೆ ಹರಿಸುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಸಂದು ಆ ದ್ರಾವಕವನ್ನು ತಾನೇ ಎಳೆದುಕೊಳ್ಳುತ್ತದೆ. ಡೈಕ್ಲೋರೋಮೀಥೇನ್ ಬೆರೆತ ಸಿಮೆಂಟು ಇದಕ್ಕಾಗಿಯೇ ಇದೆ. ಅನೇಕ ಅಂಗಡಿಗಳಲ್ಲಿ ಕ್ಲೋರೋಫಾರ್ಮ್ ಬಳಸುತ್ತಾರೆ. ಎರಡೂ ಅಂಚುಗಳ ಮೇಲ್ಪದರ ಕರಗಿ ಒಂದರೊಳಗೊಂದು ಬೆರೆತು, ದ್ರಾವಕ ಆವಿಯಾದ ಮೇಲೆ ಒಂದೇ ಹಾಳೆಯಂತೆ ಗಟ್ಟಿಯಾಗುತ್ತವೆ. ದಪ್ಪ ಹಾಳೆಗಳಿಗೆ ಎರಡು ಭಾಗ ಬೆರೆಸಿ ಹಾಕುವ ಮಂದವಾದ ಅಂಟನ್ನೂ ಬಳಸುವುದುಂಟು.

ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿ ಏನೆಂದರೆ, ತೆಳು ದ್ರಾವಕವು ಕರಗಿಸುತ್ತದೆಯೇ ಹೊರತು ತುಂಬುವುದಿಲ್ಲ. ಎರಡು ಅಂಚುಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿದರೂ ಅಲ್ಲಿ ಬೆಸುಗೆ ಆಗಿರುವುದಿಲ್ಲ. ಒಳ್ಳೆಯ ಜೋಡಣೆಯ ಅರ್ಧ ಭಾಗ ಹಾಳೆಯನ್ನು ಕತ್ತರಿಸುವಾಗಲೇ ತೀರ್ಮಾನವಾಗಿರುತ್ತದೆ.

ಕತ್ತರಿಸುವ ವಿಧಾನವೂ ಇಲ್ಲಿ ಮುಖ್ಯ. ಅಕ್ರಿಲಿಕ್ ಕೆಲಸದ ಪರಿಣತಿ ಹೆಚ್ಚಾಗಿ ನಾಮಫಲಕ ತಯಾರಿಸುವ ಅಂಗಡಿಗಳಲ್ಲಿರುತ್ತದೆ, ಮತ್ತು ಅಲ್ಲಿ ಹಾಳೆಗಳನ್ನು ಲೇಸರ್ ಯಂತ್ರದಿಂದ ಕತ್ತರಿಸುವುದು ರೂಢಿ. ನಾಮಫಲಕಕ್ಕೆ ಅದು ಅಂದ. ಆದರೆ ಲೇಸರಿನ ಶಾಖದಿಂದ ಅಂಚಿನೊಳಗೆ ಬಿಗಿತ ಉಳಿದುಬಿಡುತ್ತದೆ. ಆ ಅಂಚಿಗೆ ದ್ರಾವಕ ತಾಗಿದಾಗ ಕಾಲಕ್ರಮದಲ್ಲಿ ಸೂಕ್ಷ್ಮ ಬಿರುಕುಗಳು ಏಳುತ್ತವೆ. ನೀರು ಹಿಡಿಯುವ ತೊಟ್ಟಿಗೆ ಗರಗಸದಿಂದ ಕತ್ತರಿಸಿ, ರೌಟರ್ ಯಂತ್ರದಿಂದ ಸಮಗೊಳಿಸಿದ ಅಂಚು ಬೇಕು. ಎರಡನ್ನೂ ಗುರುತಿಸುವುದು ಕಷ್ಟವಲ್ಲ: ಲೇಸರ್ ಅಂಚು ಗಾಜಿನಂತೆ ಹೊಳೆಯುತ್ತದೆ, ಅದರ ಮೇಲೆ ನವಿರಾದ ಗೆರೆಗಳಿರುತ್ತವೆ, ರೌಟರ್ ಅಂಚು ಮಂಕಾಗಿ, ಸಮನಾಗಿ ಕಾಣುತ್ತದೆ. ಹಾಳೆಗಳಲ್ಲಿಯೂ ಎರಡು ಬಗೆ. ಅಚ್ಚಿನಲ್ಲಿ ಎರೆದು ಮಾಡಿದ ಹಾಳೆ ತೊಟ್ಟಿಗೆ ಯೋಗ್ಯ. ಯಂತ್ರದ ಬಾಯಿಯಿಂದ ಒತ್ತಿ ತೆಗೆದ ಹಾಳೆ ಅಗ್ಗವಾದರೂ ದ್ರಾವಕ ತಾಗಿದಾಗ ಬೇಗ ಬಿರಿಯುತ್ತದೆ. ಅಂಗಡಿ ಕಲಬುರಗಿ ನಗರದಲ್ಲಿದ್ದರೆ, ಕುಸನೂರಿನಂತೆ ನಗರಕ್ಕೆ ಹೊಂದಿಕೊಂಡ ಗ್ರಾಮಗಳ ಸದಸ್ಯರು ಹಾಳೆಗಳನ್ನು ಜೋಡಿಸುವ ಮುನ್ನವೇ ಹೋಗಿ ಅಂಚುಗಳನ್ನು ನೋಡಿಬರಬಹುದು. ಕಮಲಾಪುರದ ಕಡೆಯ ಗ್ರಾಮಗಳಿಗೆ ತೊಟ್ಟಿ ವಾಹನದಲ್ಲಿ ದೂರ ಸಾಗಿ ಬರುವುದರಿಂದ, ಅಂಗಡಿಯಲ್ಲಿ ಸರಿಯಾಗಿದ್ದ ಜೋಡಣೆಯನ್ನೂ ಇಳಿಸಿದ ಮೇಲೆ ಮತ್ತೊಮ್ಮೆ ನೋಡತಕ್ಕದ್ದು.

ನೀರು ಎಷ್ಟು ಒತ್ತುತ್ತದೆ

ಕೆರೆಯ ಏರಿ ಬುಡದಲ್ಲಿ ಅಗಲವಾಗಿಯೂ ನೆತ್ತಿಯಲ್ಲಿ ಕಿರಿದಾಗಿಯೂ ಇರುವುದೇಕೆಂದು ಸದಸ್ಯರಿಗೆ ತಿಳಿದೇ ಇದೆ. ನೀರಿನ ಒತ್ತಡ ಕೆರೆಯ ವಿಸ್ತಾರವನ್ನು ಅವಲಂಬಿಸುವುದಿಲ್ಲ, ಆಳವನ್ನು ಅವಲಂಬಿಸುತ್ತದೆ. ಮೀನುತೊಟ್ಟಿಗೂ ಅದೇ ಲೆಕ್ಕ. ಮೇಲೆ ಹೇಳಿದ ತೊಟ್ಟಿಯ ಮುಂಭಾಗದ ಗೋಡೆಯನ್ನು ನೀರು ಒಟ್ಟು ಸುಮಾರು 216 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಹಿಂಭಾಗದ ಗೋಡೆಯನ್ನೂ ಅಷ್ಟೇ. ಎತ್ತರವನ್ನು 30 ಸೆಂ.ಮೀ.ಗೆ ಇಳಿಸಿದರೆ ಆ ಬಲ ಅರ್ಧಕ್ಕಲ್ಲ, ಕಾಲು ಭಾಗಕ್ಕೆ, ಅಂದರೆ 54 ಕಿಲೋಗೆ ಇಳಿಯುತ್ತದೆ. ಸಭೆಯಲ್ಲಿ ಯಾರಾದರೂ ಇನ್ನೂ ಎತ್ತರದ ತೊಟ್ಟಿ ಚೆನ್ನಾಗಿ ಕಾಣುತ್ತದೆ ಎಂದಾಗ ಈ ಎರಡು ಅಂಕಿಗಳನ್ನು ನೆನಪಿಗೆ ತಂದುಕೊಳ್ಳಬಹುದು. 60 ಸೆಂ.ಮೀ. ಎತ್ತರಕ್ಕೆ 12 ಮಿ.ಮೀ.ಗಿಂತ ತೆಳುವಾದ ಹಾಳೆಯನ್ನು ಒಪ್ಪುವುದು ಸರಿಯಲ್ಲ.

ಈ ಬಲವು ದಿನವೂ, ರಾತ್ರಿಯೂ, ವರ್ಷಗಟ್ಟಲೆ ಬಿಡುವಿಲ್ಲದೆ ಒತ್ತುತ್ತಿರುತ್ತದೆ. ಜರ್ಮನಿಯ ಬರ್ಲಿನ್ ನಗರದ ಹೋಟೆಲೊಂದರ ಒಳಾಂಗಣದಲ್ಲಿದ್ದ ಭಾರೀ ಅಕ್ರಿಲಿಕ್ ಮತ್ಸ್ಯಾಲಯವು 2003ರಲ್ಲಿ ತೆರೆದು, 2022ರ ಡಿಸೆಂಬರ್ 16ರ ನಸುಕಿನಲ್ಲಿ ಒಮ್ಮೆಲೇ ಸಿಡಿಯಿತು. ಸುಮಾರು 10 ಲಕ್ಷ ಲೀಟರ್ ನೀರು ಹೊರಗೆ ನುಗ್ಗಿತು, ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಬಹುಪಾಲು ಸತ್ತವು, ಇಬ್ಬರಿಗೆ ಗಾಯವಾಯಿತು. ಹಗಲಿನಲ್ಲಿ ಆಗಿದ್ದರೆ ಜನರ ಪ್ರಾಣಕ್ಕೇ ಅಪಾಯವಿತ್ತು. ತಜ್ಞರ ಪರಿಶೀಲನೆಯಲ್ಲಿ ಕಾರಣ ಖಚಿತವಾಗಲಿಲ್ಲವಾದರೂ, ಅವರು ಮುಂದಿಟ್ಟ ಸಾಧ್ಯತೆಗಳಲ್ಲಿ ಅಂಟಿನ ಜೋಡಣೆ ಸೋತಿರಬಹುದು ಎಂಬುದೂ ಒಂದು. ನಮ್ಮ ತೊಟ್ಟಿ ಅದರ ಮೂರು ಸಾವಿರದಲ್ಲೊಂದು ಪಾಲೂ ಅಲ್ಲ, ನಿಜ. ಆದರೆ ಅಲ್ಲಿ ನುರಿತ ಎಂಜಿನಿಯರುಗಳಿದ್ದರು. ಇಲ್ಲಿ ಸ್ವೀಕೃತಿಯ ದಿನ ತಾವೇ ಪರೀಕ್ಷಕರು.

ಒಣ ತೊಟ್ಟಿಯಲ್ಲಿ ನೋಡಬೇಕಾದುದು

ತೊಟ್ಟಿಗೆ ನೀರು ಹಾಕುವ ಮುನ್ನ, ಕೋಣೆಯನ್ನು ಕತ್ತಲು ಮಾಡಿ, ಟಾರ್ಚಿನ ಬೆಳಕನ್ನು ಹಾಳೆಯ ಅಂಚಿನ ಕಡೆಯಿಂದ ಓರೆಯಾಗಿ ಹಾಯಿಸಿ ಪ್ರತಿಯೊಂದು ಜೋಡಣೆಯನ್ನೂ ಉದ್ದಕ್ಕೂ ನೋಡಬೇಕು. ಮೊಬೈಲಿನ ದೀಪವೂ ಆದೀತು. ರಕ್ಷಣೆಗಾಗಿ ಅಂಟಿಸಿದ ಕಾಗದ ಅಥವಾ ಪ್ಲಾಸ್ಟಿಕ್ ಹೊದಿಕೆ ಜೋಡಣೆಯ ಮೇಲೆ ಇನ್ನೂ ಇದ್ದರೆ ಅದನ್ನು ತೆಗೆಸಿಯೇ ನೋಡತಕ್ಕದ್ದು. ಒಳ್ಳೆಯ ಜೋಡಣೆ ಸ್ವಚ್ಛ ನೀರಿನಂತೆ ಕಾಣುತ್ತದೆ. ಎರಡು ಹಾಳೆಗಳು ಎಲ್ಲಿ ಕೂಡಿವೆ ಎಂದು ಹುಡುಕಬೇಕಾಗುತ್ತದೆ.

ಬೆಳ್ಳಿಯ ತಗಡಿನಂತೆ ಅಥವಾ ಕನ್ನಡಿಯಂತೆ ಮಿನುಗುವ ತೇಪೆ ಕಂಡರೆ ಅಲ್ಲಿ ದ್ರಾವಕ ತಲುಪಿಲ್ಲ, ಹಾಳೆಗಳ ನಡುವೆ ಗಾಳಿ ಮಾತ್ರ ಇದೆ ಎಂದು ತಿಳಿಯಬೇಕು. ಇದನ್ನು ಒಣ ಜೋಡಣೆ ಎನ್ನಬಹುದು. ದೋಷಗಳಲ್ಲೆಲ್ಲ ಹೆಚ್ಚು ಅಪಾಯಕಾರಿಯಾದುದೂ, ಬೆಳಕಿಲ್ಲದೆ ನೋಡಿದರೆ ಸುಲಭವಾಗಿ ಕಣ್ತಪ್ಪುವುದೂ ಇದೇ. ತಳದ ಜೋಡಣೆಯಲ್ಲಿ ಬೆರಳಿನಗಲದಷ್ಟು ಒಣ ತೇಪೆ ಕಂಡರೂ ತೊಟ್ಟಿಯನ್ನು ಹಿಂದಿರುಗಿಸುವುದೇ ಸರಿ.

ಗುಳ್ಳೆಗಳ ವಿಷಯದಲ್ಲಿ ವಿವೇಚನೆ ಬೇಕು. ಗುಂಡುಸೂಜಿಯ ತಲೆಯಷ್ಟು ಗುಳ್ಳೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ಅದು ಅಂದದ ಕೊರತೆಯೇ ಹೊರತು ಬಲದ ಕೊರತೆಯಲ್ಲ. ಅದಕ್ಕಾಗಿ ಒಳ್ಳೆಯ ತೊಟ್ಟಿಯನ್ನು ತಿರಸ್ಕರಿಸಬೇಕಿಲ್ಲ. 12 ಮಿ.ಮೀ. ಅಗಲದ ಜೋಡಣೆಯಲ್ಲಿ 2 ಮಿ.ಮೀ. ಗುಳ್ಳೆಯೊಂದಿದ್ದರೆ ಆ ಬಿಂದುವಿನಲ್ಲಿ ಆರರಲ್ಲೊಂದು ಪಾಲು ಬೆಸುಗೆ ಇಲ್ಲದಂತಾಯಿತು, ಅಷ್ಟೆ. ಆದರೆ ಗುಳ್ಳೆಗಳು ಸಾಲುಗಟ್ಟಿ ತೊಟ್ಟಿಯ ಒಳಮೈಯಿಂದ ಹೊರಮೈಯವರೆಗೆ ಹಾದಿ ಮಾಡಿಕೊಂಡಿದ್ದರೆ ಕಥೆ ಬೇರೆ. ಒಡ್ಡಿನಲ್ಲಿ ಏಡಿಯ ಬಿಲಗಳು ಎಷ್ಟಿವೆ ಎನ್ನುವುದಕ್ಕಿಂತ ಅವು ಒಂದಕ್ಕೊಂದು ಕೂಡಿವೆಯೇ ಎನ್ನುವುದನ್ನು ರೈತನು ನೋಡುತ್ತಾನೆ. ಇಲ್ಲಿಯೂ ಅದನ್ನೇ ನೋಡಬೇಕು. ಗುಳ್ಳೆಗಳು ಮೇಲಿನ ಅಂಚಿನ ಹತ್ತಿರ ಇದ್ದರೆ ಸಡಿಲಿಸಬಹುದು. ತಳದ ಜೋಡಣೆಯಲ್ಲಿ ಮತ್ತು ನಿಂತ ಜೋಡಣೆಗಳ ಕೆಳಗಿನ ಅರ್ಧದಲ್ಲಿ ಗುಂಪಾಗಿದ್ದರೆ ಸಡಿಲಿಸಬಾರದು.

ಜೋಡಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದನ್ನು ತೇವವಿರುವ ಗಾಳಿಯಲ್ಲಿ ಮಾಡಲಾಗಿದೆ ಎಂದರ್ಥ. ದ್ರಾವಕ ಬೇಗ ಆವಿಯಾಗುವಾಗ ಅಂಚು ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ. ನಮ್ಮ ಜಿಲ್ಲೆಯ ಒಣ ಹವೆಯಲ್ಲಿ ಇದು ಮಳೆಗಾಲದ ಕೆಲಸದಲ್ಲಿ ಕಾಣುವ ಸಂಭವ ಹೆಚ್ಚು. ತೆಳುವಾದ ಮಂಜಿನಂತಿದ್ದರೆ ನೀರಿನ ಪರೀಕ್ಷೆಯವರೆಗೆ ಕಾಯಬಹುದು. ಉದ್ದಕ್ಕೂ ದಟ್ಟವಾಗಿ ಬೆಳ್ಳಗಿದ್ದರೆ ಒಪ್ಪಬಾರದು.

ಇನ್ನು ಸೂಕ್ಷ್ಮ ಬಿರುಕುಗಳು. ಇವು ಜೋಡಣೆಯಿಂದ ಹಾಳೆಯ ಒಳಕ್ಕೆ, ಅಡ್ಡವಾಗಿ, ಜೇಡನ ಎಳೆಗಳಂತೆ ಚಾಚಿರುತ್ತವೆ; ಟಾರ್ಚನ್ನು ಅತ್ತಿತ್ತ ಆಡಿಸಿದಾಗ ಒಮ್ಮೆ ಮಿಂಚಿ ಮರೆಯಾಗುತ್ತವೆ. ಹೊಸ ತೊಟ್ಟಿಯಲ್ಲಿ ಇವು ಒಂದೇ ಕಡೆ ಕಂಡರೂ ಆ ತೊಟ್ಟಿ ಬೇಡ. ಗುಳ್ಳೆ ಇದ್ದಷ್ಟೇ ಇರುತ್ತದೆ, ಬಿರುಕು ಬೆಳೆಯುತ್ತದೆ.

ಮತ್ತೊಂದು ಸಂಗತಿಯನ್ನು ವಿಶೇಷವಾಗಿ ಗಮನಕ್ಕೆ ತರಬೇಕಾಗಿದೆ. ಒಳಮೂಲೆಗಳಲ್ಲಿ ಸಿಲಿಕಾನ್ ಬಳಿದಿರುವ ಅಕ್ರಿಲಿಕ್ ತೊಟ್ಟಿಯನ್ನು ತಂದು, ಹೆಚ್ಚಿನ ಭದ್ರತೆಗಾಗಿ ಬಳಿಯಲಾಗಿದೆ ಎಂದು ಹೇಳಿದರೆ ನಂಬತಕ್ಕದ್ದಲ್ಲ. ಗಾಜನ್ನು ಗಟ್ಟಿಯಾಗಿ ಹಿಡಿಯುವ ಸಿಲಿಕಾನ್ ಅಕ್ರಿಲಿಕ್ ಅನ್ನು ಹಾಗೆ ಹಿಡಿಯುವುದಿಲ್ಲ; ಕೆಲವು ತಿಂಗಳಲ್ಲಿ ಪೊರೆಯಂತೆ ಕಿತ್ತು ಬರುತ್ತದೆ. ಸರಿಯಾಗಿ ಬೆಸೆದ ತೊಟ್ಟಿಗೆ ಅದರ ಅಗತ್ಯವಿಲ್ಲ. ಹೊಸ ತೊಟ್ಟಿಯಲ್ಲಿ ಅದು ಕಂಡರೆ, ಒಮ್ಮೆ ಸೋರಿದ್ದನ್ನು ಮುಚ್ಚಲಾಗಿದೆಯೇ ಎಂಬ ಪ್ರಶ್ನೆಯನ್ನು ಲಿಖಿತವಾಗಿಯೇ ಕೇಳಬೇಕು.

ಉಳಿದವು ಬೇಗ ಮುಗಿಯುವ ಪರೀಕ್ಷೆಗಳು. ಉಗುರನ್ನು ಜೋಡಣೆಯ ಮೇಲೆ ಓಡಿಸಿದಾಗ ಮೆಟ್ಟಿಲಿನಂತೆ ತಡೆಯಬಾರದು. ಗೌಂಡಿಯ ಬಳಿಯಿರುವ ಮೂಲೆಮಟ್ಟವನ್ನು ನಾಲ್ಕೂ ಮೂಲೆಗಳಿಗೆ ಹಿಡಿದು ನೋಡಬೇಕು. ಮೂಲೆ ಓರೆಯಾಗಿದ್ದರೆ ಅಂಚುಗಳು ಪೂರ್ತಿಯಾಗಿ ಕೂಡಿರಲಾರವು. ತೊಟ್ಟಿಯೊಳಗೆ ಮೂಗಿಟ್ಟು ನೋಡುವುದೂ ಒಂದು ಪರೀಕ್ಷೆಯೇ: ದ್ರಾವಕದ ಘಾಟು ಇನ್ನೂ ಬಲವಾಗಿದ್ದರೆ ಬೆಸುಗೆ ಆರಿಲ್ಲ. ಮುಟ್ಟಲು ಕೆಲವೇ ತಾಸುಗಳಲ್ಲಿ ಗಟ್ಟಿಯೆನಿಸಿದರೂ ಪೂರ್ಣ ಬಲ ಬರಲು ವಾರಗಳು ಬೇಕು. ಜೋಡಿಸಿದ ಮೇಲೆ ಕನಿಷ್ಠ ಎರಡು ವಾರ ನೀರು ತುಂಬದಿರುವುದು ಕ್ಷೇಮ. ಮೇಲ್ಭಾಗದ ಪಟ್ಟಿಯನ್ನು ನಾಲ್ಕು ತುಂಡು ಅಂಟಿಸಿ ಮಾಡಿರುವುದಕ್ಕಿಂತ, ಒಂದೇ ಹಾಳೆಯಲ್ಲಿ ನಡುವೆ ಕಿಂಡಿ ಕೊರೆದು ಮಾಡಿರುವುದು ಉತ್ತಮ. ಕಿಂಡಿಯ ಮೂಲೆಗಳು ದುಂಡಾಗಿರಬೇಕು. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು.

ಪೀಠ ಮತ್ತು ಬೇಸಿಗೆ

ಜೋಡಣೆ ಎಷ್ಟೇ ಚೆನ್ನಾಗಿದ್ದರೂ ಪೀಠ ಸೊಟ್ಟಗಿದ್ದರೆ ಉಳಿಯದು. ಅಕ್ರಿಲಿಕ್ ತಳಕ್ಕೆ ನಾಲ್ಕು ಅಂಚಿನ ಆಧಾರ ಸಾಲದು, ಇಡೀ ತಳ ಸಮತಟ್ಟಾದ ಹಲಗೆಯ ಮೇಲೆ ಕೂರಬೇಕು. ನಮ್ಮ ಕಡೆಯ ಕಟ್ಟಡಗಳಲ್ಲಿ ನೆಲಕ್ಕೆ ಶಹಾಬಾದ ಕಲ್ಲು ಹಾಸುವುದು ವಾಡಿಕೆ. ಕಲ್ಲು ಗಟ್ಟಿಯೇನೋ ಹೌದು, ಆದರೆ ಒಂದು ಕಲ್ಲಿಗೂ ಮತ್ತೊಂದು ಕಲ್ಲಿಗೂ ನಡುವೆ ಮಟ್ಟದ ವ್ಯತ್ಯಾಸ ಇದ್ದೇ ಇರುತ್ತದೆ. ರಸಮಟ್ಟ ಇಟ್ಟು ಪೀಠದ ಕಾಲುಗಳನ್ನು ಸರಿಪಡಿಸಿದ ಮೇಲೆಯೇ ತೊಟ್ಟಿಯನ್ನು ಇಡತಕ್ಕದ್ದು. ಖಾಲಿ ತೊಟ್ಟಿ ಸುಮಾರು 40 ಕಿಲೋ ತೂಗುತ್ತದೆ. ಅದನ್ನು ತಳಕ್ಕೆ ಕೈಕೊಟ್ಟು ಎತ್ತಬೇಕೇ ಹೊರತು ಮೇಲಿನ ಪಟ್ಟಿ ಹಿಡಿದಲ್ಲ.

ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸತಲ್ಲ. ಉಷ್ಣತೆ 20 ಡಿಗ್ರಿ ಏರಿದರೆ 120 ಸೆಂ.ಮೀ. ಅಕ್ರಿಲಿಕ್ ಹಾಳೆ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ. ಗಾಜು ಹಿಗ್ಗುವುದು ಅದರ ಎಂಟರಲ್ಲೊಂದು ಪಾಲಿನಷ್ಟು. ಒಂದು ಗೋಡೆಗೆ ಮಾತ್ರ ಬಿಸಿಲು ಬಿದ್ದರೆ ಆ ಗೋಡೆ ಹಿಗ್ಗಿ ಉಳಿದವು ಹಿಗ್ಗದೆ, ಎಳೆತವೆಲ್ಲ ಜೋಡಣೆಯ ಮೇಲೆ ಬೀಳುತ್ತದೆ. ಕಿಟಕಿಯ ಎದುರು ತೊಟ್ಟಿ ಇಡಬಾರದೆಂಬುದಕ್ಕೆ ಪಾಚಿ ಒಂದೇ ಕಾರಣವಲ್ಲ.

ಮೂರು ದಿನಗಳ ನೀರಿನ ಪರೀಕ್ಷೆ

ಪರೀಕ್ಷೆಯನ್ನು ಮೀನು, ಮರಳು, ಪಂಪು ಯಾವುದೂ ಇಲ್ಲದೆ ಮಾಡಬೇಕು. ಪೀಠದ ಮೇಲೆ ತೊಟ್ಟಿಯ ಸುತ್ತ ಹಳೆಯ ದಿನಪತ್ರಿಕೆ ಹಾಸಿದರೆ ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ. ಮೊದಲು ಮೂರನೆಯ ಒಂದು ಪಾಲು ತುಂಬಿಸಿ ಕೆಲವು ತಾಸು ಬಿಡಬೇಕು, ಆಮೇಲೆ ಮೂರನೆಯ ಎರಡು ಪಾಲು, ಮರುದಿನ ಪೂರ್ಣ. ಪೂರ್ಣ ತುಂಬಿದ ಮೇಲೆ ಮೂರು ದಿನ ಹಾಗೆಯೇ ಬಿಡತಕ್ಕದ್ದು. ಮುಂಭಾಗದ ಗೋಡೆಯ ಎರಡು ತುದಿಗಳಿಗೆ ದಾರವನ್ನು ಬಿಗಿಯಾಗಿ ಹಿಡಿದರೆ ಗೋಡೆ ನಡುವೆ ಉಬ್ಬಿರುವುದು ತಿಳಿಯುತ್ತದೆ. ತುದಿಗಳಲ್ಲಿ ದಾರ ಗೋಡೆಯಿಂದ ಎಷ್ಟು ದೂರ ಸರಿಯಿತೆಂದು ಸ್ಕೇಲಿನಿಂದ ಅಳೆದು ಬರೆದಿಡಬೇಕು. ಅಕ್ರಿಲಿಕ್ ಸ್ವಲ್ಪ ಉಬ್ಬುವುದು ಸಹಜ, ಗಾಬರಿ ಬೇಡ. ಮೊದಲ ದಿನದ ಉಬ್ಬು ಅಷ್ಟಕ್ಕೇ ನಿಂತು, ಮುಂಗೋಡೆ ಹಿಂಗೋಡೆ ಎರಡರಲ್ಲೂ ಸಮನಾಗಿದ್ದರೆ ಸರಿ. ಎರಡನೆಯ, ಮೂರನೆಯ ದಿನವೂ ಅಳತೆ ಏರುತ್ತಲೇ ಹೋದರೆ ಹಾಳೆ ತೆಳುವಾಯಿತು ಅಥವಾ ಜೋಡಣೆ ಬಿಡುತ್ತಿದೆ ಎಂದು ತಿಳಿದು ನೀರನ್ನು ಕೂಡಲೇ ಇಳಿಸಬೇಕು.

ಕೊಳವೆಬಾವಿಯ ಗಡಸು ನೀರು ಪೈಪಿಗೂ ಪಾತ್ರೆಗೂ ಶತ್ರುವಾದರೂ ಈ ಪರೀಕ್ಷೆಯಲ್ಲಿ ಮಿತ್ರ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಿನುಗಿದ ನೀರು ಆರಿದ ಮೇಲೆ ಜೋಡಣೆಯ ಹೊರಮೈಯಲ್ಲಿ ಸುಣ್ಣದ ಬಿಳಿಗೆರೆಯನ್ನು ಬಿಟ್ಟು ಹೋಗುತ್ತದೆ. ಮಳೆಗಾಲದಲ್ಲಿ ತಣ್ಣೀರು ತುಂಬಿದರೆ ಗೋಡೆಯ ಹೊರಮೈ ಬೆವರುವುದುಂಟು. ಒರೆಸಿ ನೋಡಿದಾಗ ಇಡೀ ಗೋಡೆ ಮತ್ತೆ ತೇವಗೊಂಡರೆ ಅದು ಬೆವರು, ಜೋಡಣೆಯ ಉದ್ದಕ್ಕೆ ಮಾತ್ರ ತೇವ ಮರಳಿದರೆ ಅದು ಸೋರಿಕೆ. ಪರೀಕ್ಷೆ ಮುಗಿದ ಮೇಲೆ 324 ಲೀಟರ್ ನೀರನ್ನು ಚರಂಡಿಗೆ ಬಿಡದೆ ಶಾಲೆಯ ಗಿಡಗಳಿಗೆ ಹಾಕಬಹುದು.

ದರಪಟ್ಟಿ ಕರೆಯುವಾಗಲೇ ನಾಲ್ಕು ವಿಷಯಗಳನ್ನು ಬರೆದಿರಬೇಕು: ಎರೆದು ಮಾಡಿದ ಹಾಳೆ, ಅದರ ದಪ್ಪ, ರೌಟರ್‌ನಿಂದ ಸಮಗೊಳಿಸಿದ ಅಂಚು, ಸರಬರಾಜಾದ ಸ್ಥಳದಲ್ಲಿ ಮೂರು ದಿನಗಳ ನೀರಿನ ಪರೀಕ್ಷೆಯ ನಂತರವೇ ಹಣ ಪಾವತಿ. ಈ ಕೊನೆಯ ಷರತ್ತಿಲ್ಲದೆ ಆದೇಶ ಕೊಟ್ಟರೆ, ದೋಷ ಕಂಡ ದಿನ ಪಂಚಾಯತಿಯ ಕೈಯಲ್ಲಿ ವಾದ ಮಾತ್ರ ಉಳಿಯುತ್ತದೆ. ಪರೀಕ್ಷೆಯ ದಿನಾಂಕ, ಉಬ್ಬಿನ ಅಳತೆ, ಕಂಡ ಗುಳ್ಳೆಗಳ ಸ್ಥಾನ ಇವನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಜೋಡಣೆಗಳ ಛಾಯಾಚಿತ್ರ ತೆಗೆದಿಡುವುದು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೂ ಅನುಕೂಲ. ಸೋರಿದ ಜೋಡಣೆಗೆ ಮೇಲಿಂದ ಮತ್ತೆ ದ್ರಾವಕ ಬಿಟ್ಟು ಸರಿಮಾಡಿಕೊಡುತ್ತೇವೆ ಎಂಬ ಮಾತನ್ನು ತಳದ ಜೋಡಣೆಯ ವಿಷಯದಲ್ಲಿ ಒಪ್ಪಬಾರದು. ಬದಲಿ ತೊಟ್ಟಿಯನ್ನೇ ಕೇಳಬೇಕು.

ಬಳಕೆಗೆ ಬಂದ ಮೇಲೆ ತೊಟ್ಟಿಯನ್ನು ನೀರು ಮತ್ತು ಮೆತ್ತನೆಯ ಹತ್ತಿ ಬಟ್ಟೆಯಿಂದ ಮಾತ್ರ ಒರೆಸುವಂತೆ ಸಿಬ್ಬಂದಿಗೆ ತಿಳಿಸತಕ್ಕದ್ದು. ಸ್ಪಿರಿಟ್, ಥಿನ್ನರ್, ಅಮೋನಿಯ ಇರುವ ಗಾಜು ಒರೆಸುವ ದ್ರವ ಇವು ಅಕ್ರಿಲಿಕ್‌ಗೆ ತಾಗಿದರೆ ಸರಿಯಾಗಿದ್ದ ಜೋಡಣೆಯ ಬಳಿಯೂ ಬಿರುಕು ಹುಟ್ಟಬಹುದು. ಪಂಪಿನ ವೈರು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಜೋತು ಮೇಲೇರಬೇಕು. ಆಗ ವೈರಿನ ಗುಂಟ ಇಳಿದ ಹನಿ ಪ್ಲಗ್ಗನ್ನು ಮುಟ್ಟದೆ ನೆಲಕ್ಕೆ ಬೀಳುತ್ತದೆ. ಮೊದಲ ಬೇಸಿಗೆ ಕಳೆದ ಮೇಲೆ, ಜೂನ್ ತಿಂಗಳಲ್ಲಿ, ಅದೇ ಟಾರ್ಚು ಮತ್ತು ಅದೇ ದಾರ ಹಿಡಿದು ಜೋಡಣೆಗಳನ್ನು ಇನ್ನೊಮ್ಮೆ ನೋಡಿ, ಹಳೆಯ ಛಾಯಾಚಿತ್ರಗಳೊಂದಿಗೆ ಹೋಲಿಸಿ, ಕಂಡ ವ್ಯತ್ಯಾಸವನ್ನು ವಹಿಯ ಅದೇ ಪುಟದಲ್ಲಿ ಬರೆಯಬೇಕು.